ರಾಚವ್ವನ ಬಲಪಕ್ಕೆಯ ಕೆಳಗೆ

ನಾನು ಒಂದು ಯಕೃತ್ತು. ಲಿವರ್ ಅಂದರೆ ಬೇಗ ತಿಳಿದೀತು. ರಾಚವ್ವ ತಾಯಿಯ ಹೊಟ್ಟೆಯಲ್ಲಿ ಇನ್ನೂ ಹೆಸರುಕಾಳಿನಷ್ಟಿದ್ದಾಗಲೇ ನಾನು ಮೊಳೆತೆ. ಅಂದಿನಿಂದ ಅವಳ ಬಲಪಕ್ಕೆಯ ಕೆಳಗೆ, ಬೆಚ್ಚನೆಯ ಕತ್ತಲಲ್ಲಿ ನನ್ನ ವಾಸ. ಹೊರಗಿನ ಮಾತೆಲ್ಲ ಕನಸಿನೊಳಗಿನಂತೆ ಕೇಳಿಸುತ್ತದೆ. ಅವಳು ತಿಂದ ರೊಟ್ಟಿಯ ಸಾರ ಕೆಂಪು ಹೊಳೆಯಾಗಿ ನನ್ನೊಳಗೆ ಹರಿಯುತ್ತದೆ. ವಿಷವಿದ್ದರೆ ಸೋಸುತ್ತೇನೆ, ಗಾಯದ ರಕ್ತ ಕಟ್ಟಲು ಬೇಕಾದ ಸರಕನ್ನೂ ನಾನೇ ಮಾಡಿ ಕಳಿಸುತ್ತೇನೆ.

ಬೆಟಗೇರಿಗೆ ಸೊಸೆಯಾಗಿ ಬಂದ ರಾಚವ್ವ ಮಗ್ಗದ ನೂಲಿಗೆ ಬಣ್ಣ ಹಾಕುತ್ತಿದ್ದಳು. ಒಂದು ಮಧ್ಯಾಹ್ನ ಹಿತ್ತಲ ತೊಟ್ಟಿಯಲ್ಲಿ ಹುಟ್ಟಿದ ಸೊಳ್ಳೆಯೊಂದು ಅವಳ ಕಾಲಿಗೆ ಕಚ್ಚಿತು. ಬಂದದ್ದು ಡೆಂಗಿ ಜ್ವರ. ವೈರಾಣುಗಳು ನನ್ನ ಕಣಕಣಕ್ಕೂ ನುಗ್ಗಿ ಅಲ್ಲೇ ಮರಿ ಹಾಕಿದವು. ಅವನ್ನು ಕೊಲ್ಲಬಂದ ಮೈಯ ಕಾವಲಿನವರ ಪೆಟ್ಟೂ ನನಗೇ ಬಿತ್ತು. ಸಾಲದ್ದಕ್ಕೆ ಮೈನೋವೆಂದು ಅವಳು ಜ್ವರದ ಗುಳಿಗೆಯನ್ನು ಎರಡು ತಾಸಿಗೊಮ್ಮೆ ನುಂಗಿದಳು. ಅದನ್ನು ಸೋಸಿ ಸೋಸಿ ನಾನು ಊದಿಕೊಂಡೆ.

ಐದನೇ ದಿನ ಜ್ವರ ಇಳಿಯಿತು. ಮನೆಯವರು ನಕ್ಕರು. ಆದರೆ ರಕ್ತನಾಳಗಳಿಂದ ನೀರು ಸೋರಿ ನನ್ನ ಹೊಳೆ ಬತ್ತುತ್ತಿತ್ತು. ಮರುದಿನ ಅವಳ ಕಣ್ಣು ಹಳದಿಯಾದವು.

“ಕಾಮಣಿ ಆಗೇತಿ,” ಅಂದ ಗಂಡ ದ್ಯಾಮಣ್ಣ. “ನಾಳೆ ರವಿವಾರ. ತೋಳಿಗೆ ಬರಿ ಹಾಕಿಸ್ಕೊಂಡು ಬರೂಣು.”

ಕಾಮಾಲೆಗೆ ಕಾದ ಕಬ್ಬಿಣದ ಬರೆ ಎಳೆಸುವುದು ಆ ಓಣಿಯ ರೂಢಿ. ಸುಟ್ಟ ಗಾಯದಿಂದ ರಕ್ತ ಸೋರತೊಡಗಿದರೆ ಕಟ್ಟಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಅವಳು ಉಳಿಯುತ್ತಿರಲಿಲ್ಲ. ಕೂಗೋಣವೆಂದರೆ ನನಗೆ ಬಾಯಿಲ್ಲ.

ಬೆಳಿಗ್ಗೆ ಹೊರಡುವಾಗ ಅತ್ತೆ ಫಕೀರವ್ವ ಸೊಸೆಯನ್ನು ತಡೆದಳು. “ಏನವಾ, ನನ್ನ ಎಲಿ-ಅಡಿಕಿ ಚೀಲಕ್ಕ ಕೈ ಹಾಕೀಯೇನ? ತುಟಿ ಕೆಂಪಗ ಮಾಡ್ಕೊಂಡು ಹೊಂಟೀ!”

“ಇಲ್ರೀ ಅತ್ತಿ. ಬಾಯಿ ಮುಕ್ಕಳಿಸಿದಾಗಿಂದ ಹಿಂಗs ಐತಿ.”

ಮುದುಕಿ ಸೆರಗಿನಿಂದ ಸೊಸೆಯ ಒಸಡು ಒರೆಸಿದಳು. ಮತ್ತೆ ಒರೆಸಿದಳು. ಕೆಂಪು ನಿಲ್ಲಲಿಲ್ಲ.

“ಏ ದ್ಯಾಮ್ಯಾ! ಹಲ್ಲಾಗಿನ ರಕ್ತನ ನಿಂದ್ರವಲ್ದು, ತೋಳು ಸುಡಾಕ ಹೊಂಟೀಯಲ್ಲೋ!”

“ನಿನಗೂ ಹಾಕ್ಸಿದ್ರಲ್ಲಬೇ, ಏನಾತು?”

“ನನ್ನ ತೋಳಿನ ಪುರಾಣ ಸಾಕು. ಆಟೋ ಕರಿ, ದವಾಖಾನಿಗೆ ನಡಿ!”

ಅಲ್ಲಿ ತಣ್ಣನೆಯ ಬೆರಳುಗಳು ನನ್ನನ್ನು ಮೆಲ್ಲಗೆ ಒತ್ತಿ ನೋಡಿದವು. “ಡೆಂಗಿಯಲ್ಲಿ ಜ್ವರ ಇಳಿದ ಮೇಲೇ ಅಪಾಯ,” ಎಂದಳು ಡಾಕ್ಟರಮ್ಮ; ಗುಳಿಗೆ ನಿಲ್ಲಿಸಿದಳು. ಸಲೈನಿನ ನೀರು ಹನಿಹನಿಯಾಗಿ ಇಳಿದು ಹೊಳೆ ಮತ್ತೆ ತುಂಬಿತು. ಸತ್ತ ಕಣಗಳ ಜಾಗದಲ್ಲಿ ದಿನದಿನಕ್ಕೂ ಹೊಸವು ಮೂಡಿದವು. ಮತ್ತೆ ಬೆಳೆಯುವ ವರವೊಂದು ನನಗಿದೆ.

ಈಗ ರಾಚವ್ವನಿಗೆ ಅರವತ್ತೈದು. ನಾನೂ ಕುಗ್ಗಿದ್ದೇನೆ, ಆಗಾಗ ತೂಕಡಿಸುತ್ತೇನೆ. ಒಳಗಿನವರ ಸಂಕಟ ಹೊರಗಿನವರಿಗೆ ಕಾಣುವುದು ತಡವಾಗಿಯೇ. ಅವಳಿಗದು ಗೊತ್ತು. ಓಣಿಯಲ್ಲಿ ಯಾರಿಗಾದರೂ ಡೆಂಗಿ ಜ್ವರ ಇಳಿಯಿತೆಂದು ಕೇಳಿದರೆ ಮೆಲ್ಲಗೆ ನಡೆದು ಹೋಗಿ ಹಾಸಿಗೆಯ ಪಕ್ಕ ಕೂತುಬಿಡುತ್ತಾಳೆ.

“ಜ್ವರ ಬಿಟ್ಟೈತಲ್ಲಬೇ, ಇನ್ಯಾಕ ಬಂದಿ?” ಅನ್ನುತ್ತಾರೆ ಮನೆಯವರು.

“ಬಿಟ್ಟೈತಂತs ಬಂದೀನಿ,” ಅನ್ನುತ್ತಾಳೆ ರಾಚವ್ವ.