ಕಾಗದದೊಳಗಿನ ಕಾಗದ

ಕಂಪ್ಯೂಟರ್ ಪರದೆಯ ಕೆಳಗಿನ ಅರ್ಧವನ್ನು ಅವಳು ಹಳೆಯ ಕಡತವೊಂದರ ರಟ್ಟಿನಿಂದ ಮುಚ್ಚಿ ಹಿಡಿದಿದ್ದಳು. ಎಡಗೈಯಲ್ಲಿ ರಟ್ಟು, ಬಲಗೈಯಲ್ಲಿ ಮೌಸ್. ಮೇಲಿನ ಅರ್ಧದಲ್ಲಿ ಬಂದ ಮೇಲ್‌ಗಳ ಪಟ್ಟಿ ಕಾಣುತ್ತಿತ್ತು. ಯಾವ ಸಾಲನ್ನು ಮುಟ್ಟಿದರೂ ಆ ಕಾಗದ ಕೆಳಗೆ ತಾನಾಗಿ ತೆರೆದುಕೊಳ್ಳುವುದು ಆ ಕಂಪ್ಯೂಟರಿನ ಚಾಳಿ. ಅವಳು ಮುಟ್ಟಬೇಕಾಗಿದ್ದ ಸಾಲು ಹೀಗಿತ್ತು: "ಬಸ್ಸಿನಲ್ಲಿ ಸಿಕ್ಕಿದ ಮಗುವಿಗೆ. ಅವಳೇ ಬಿಚ್ಚಿ ಓದಬೇಕು."

ಎಂಟು ವರ್ಷದ ಹಿಂದಿನ ತಾರೀಖು. ಇನ್ನೂ ಯಾರೂ ಓದದ ಮೇಲ್ ಎಂಬುದಕ್ಕೆ ಗುರುತಾಗಿ ಅಕ್ಷರಗಳು ದಪ್ಪಗಿದ್ದವು.

ಅವಳು ಆ ಮಕ್ಕಳ ಮನೆಯ ದಾಖಲೆ ಗುಮಾಸ್ತೆ. ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕೂತಿದ್ದವರನ್ನು ಎಲ್ಲರೂ ಕಡತಪ್ಪ ಎನ್ನುತ್ತಿದ್ದರು. ಎದುರಿಗೆ ಕರೆದರೂ ಅವರೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲವಂತೆ.

ಸೋಮವಾರ ಒಬ್ಬ ಹೆಂಗಸಿನ ಮೇಲ್ ಬಂದಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. "ಮೂವತ್ತೊಂದು ವರ್ಷದ ಹಿಂದೆ ನಾನು ನಿಮ್ಮಲ್ಲಿಗೆ ಬಂದವಳು. ನನ್ನ ಸಾಕಿದವರು ಒಳ್ಳೆಯವರು, ಆದರೆ ಅವರಿಗೂ ಹೆಚ್ಚೇನೂ ಗೊತ್ತಿರಲಿಲ್ಲ. ನನಗೀಗ ಎಂಟು ತಿಂಗಳು. ನಾಳೆ ನನ್ನ ಮಗು, ನೀನು ಚಿಕ್ಕವಳಿದ್ದಾಗ ಹೇಗಿದ್ದೆ ಅಂತ ಕೇಳಿದರೆ ಹೇಳುವುದಕ್ಕೆ ನನ್ನ ಹತ್ತಿರ ಒಂದು ಮಾತೂ ಇಲ್ಲ. ನಿಮ್ಮ ಪುಸ್ತಕದಲ್ಲಿ ಒಂದು ಸಾಲು ಇದ್ದರೂ ಸರಿ, ಕಳಿಸಿ."

ಪುಸ್ತಕದಲ್ಲಿ ನಿಜಕ್ಕೂ ಇದ್ದದ್ದು ಒಂದೇ ಸಾಲು. "ಹೆಣ್ಣು ಮಗು, ಸುಮಾರು ಹತ್ತು ದಿನ. ಬಸ್ಸಿನಲ್ಲಿ ಪತ್ತೆ. ಕಂಡಕ್ಟರ್ ತಂದೊಪ್ಪಿಸಿದರು." ಅದರ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ, ಕಡತಪ್ಪನವರ ಗುಂಡು ಅಕ್ಷರದಲ್ಲಿ, "ಕಂಪ್ಯೂಟರಿನಲ್ಲೂ ನೋಡುವುದು" ಎಂದಿತ್ತು. ನೋಡಿದಾಗ ಸಿಕ್ಕಿದ್ದು ಈ ಮೇಲ್, ಕಳಿಸಿದವರು ಅದೇ ಕಂಡಕ್ಟರ್.

ಕಂಡಕ್ಟರನ್ನು ಒಂದು ಮಾತು ಕೇಳಿಬಿಡೋಣವೆಂದು ಅವಳು ಅದೇ ವಿಳಾಸಕ್ಕೆ ಬರೆದಳು. ಮರುದಿನವೇ ಉತ್ತರ ಬಂತು, ಅವರ ಮಗಳಿಂದ. "ಅಪ್ಪ ಹೋಗಿ ಮೂರು ವರ್ಷವಾಯಿತು. ಆ ಕಾಗದವನ್ನು ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಕೊನೆಗಾಲದಲ್ಲೂ ಆಗಾಗ, ಯಾರಾದರೂ ಬಂದು ಕೇಳಿದರಾ ಅಂತ ವಿಚಾರಿಸುತ್ತಿದ್ದರು. ದಯವಿಟ್ಟು ಅವಳಿಗೆ ತಲುಪಿಸಿ. ಒಂದಕ್ಷರವನ್ನೂ ತಿದ್ದಬೇಡಿ."

ಆದರೆ ಮೇಲ್ವಿಚಾರಕಿ ಒಪ್ಪಲಿಲ್ಲ. ಆಕೆ ಕೆಟ್ಟವಳಲ್ಲ. ಮೂವತ್ತು ಮಕ್ಕಳ ಜ್ವರ, ಕೆಮ್ಮು, ಹಟ ಎಲ್ಲವನ್ನೂ ತಲೆಯ ಮೇಲೆ ಹೊತ್ತವಳು, ಇಲ್ಲದ ಉಸಾಬರಿ ಎಂದರೆ ಹೆದರುತ್ತಿದ್ದಳು.

"ಅಲ್ಲಾ, ಅದರಲ್ಲಿ ಏನಿದೆಯೋ ಯಾರಿಗೆ ಗೊತ್ತು? ಆ ಹುಡುಗಿ ಬೇರೆ ತುಂಬಿದ ಬಸುರಿ. ಓದಬಾರದ್ದೇನಾದ್ರೂ ಇದ್ದು ಎದೆಗೆ ಹಚ್ಚಿಕೊಂಡ್ರೆ? ನೀವೇ ಮೊದಲು ಓದಿ. ಬೇಕಾದ್ದನ್ನ ನಾಲ್ಕು ಸಾಲಲ್ಲಿ ಬರೆದು ಕಳಿಸಿಬಿಡಿ."

"ಅವಳೇ ಬಿಚ್ಚಬೇಕು ಅಂತ ಬರೆದಿದ್ದಾರಲ್ಲ ಮೇಡಂ."

"ಬರೆದವರು ಈಗ ಇಲ್ಲವಲ್ಲ."

"ಅದಕ್ಕೇ ಮೇಡಂ. ಇದ್ದಿದ್ರೆ ಇನ್ನೊಂದು ಸಲ ಹೇಳಿಸಬಹುದಿತ್ತು."

"ನಿಮ್ಮಿಷ್ಟ. ಆದರೆ ಜವಾಬ್ದಾರಿ ನಿಮ್ಮದು. ನಾಳೆ ಏನಾದ್ರೂ ಆದ್ರೆ ನಾನು ನಿಮ್ಮ ಹೆಸರೇ ಹೇಳೋಳು," ಎಂದು ಮೇಲ್ವಿಚಾರಕಿ ಔಷಧಿ ಕಪಾಟಿನ ಬೀಗದಕೈ ಗೊಂಚಲು ಎತ್ತಿಕೊಂಡು ಹೋದಳು.

ಹಾಗೆ ಜವಾಬ್ದಾರಿ ತನ್ನ ಕೊರಳಿಗೆ ಬಿದ್ದ ಮೇಲೆ ಅವಳು ರಟ್ಟು ಹಿಡಿದು ಕೂತಿದ್ದಳು. ಮೊದಲು ಫಾರ್ವರ್ಡ್ ಒತ್ತಿ ನೋಡಿದಳು. ಹೊಸ ಕಿಟಕಿಯೊಂದು ತೆರೆದು, ಕಂಡಕ್ಟರ ಕಾಗದ ಅದರೊಳಗೆ ಸುರಿದುಕೊಂಡಿತು. ಕಣ್ಣು ಬೇರೆ ಕಡೆ ತಿರುಗಿಸುವಷ್ಟರಲ್ಲಿ ಕಂಡದ್ದು ಇಷ್ಟು: ಮೇಲೆ ತನ್ನ ಹೆಸರು, ಮಧ್ಯದಲ್ಲಿ ಒಂದು ಅಡ್ಡಗೆರೆ, ತುದಿಯಲ್ಲಿ ಮಕ್ಕಳ ಮನೆಯ ವಿಳಾಸ, ಫೋನ್ ನಂಬರು, ಕಾಗದ ಉಳಿಸಿ ಮರ ಉಳಿಸಿ ಎಂಬ ಘೋಷಣೆ. ಅದೂ ಸಾಲದೆಂಬಂತೆ ಆ ಕಾಗದ ಈಗ ಯಾರು ಬೇಕಾದರೂ ತಿದ್ದಬಹುದಾದ ಬರಹವಾಗಿತ್ತು. ಒಂದು ಕೀಲಿ ಒತ್ತಿದರೆ ಒಂದು ಅಕ್ಷರ ಹೋಗುತ್ತಿತ್ತು. ಅವಳು ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಎಳೆದುಕೊಂಡು ಕಿಟಕಿ ಮುಚ್ಚಿದಳು. ಆಮೇಲೆ ಕಡತಪ್ಪನವರಿಗೆ ಫೋನ್ ಮಾಡಿದಳು.

"ಬಂದ್ಲಾ?" ಎಂದರು ಅವರು, ವಿಷಯ ಕೇಳಿದ ಕೂಡಲೇ. ಆ ಕಡೆ ಎಲ್ಲೋ ನಲ್ಲಿ ಸುರಿಯುತ್ತಿರುವುದು ಕೇಳಿಸುತ್ತಿತ್ತು.

"ನೀವು ಓದಿಲ್ವಾ ಸರ್, ಇಷ್ಟು ವರ್ಷ?"

"ನನ್ನ ಹೆಸರಿಗೆ ಬಂದಿರಲಿಲ್ವಲ್ಲಮ್ಮ." ಅವರು ಗಂಟಲು ಸರಿಮಾಡಿಕೊಂಡರು. "ನೋಡು, ಫಾರ್ವರ್ಡ್ ಅಂದ್ರೆ ಅವರ ಮಾತನ್ನ ನಿನ್ನ ಬಾಯಲ್ಲಿ ಹೇಳಿದ ಹಾಗೆ. ಅದು ಬೇಡ. ಹೊಸ ಮೇಲ್ ಒಂದು ತೆಗಿ. ಅದರ ಕಿಟಕಿ ಚಿಕ್ಕದು ಮಾಡಿ ಪಕ್ಕಕ್ಕಿಡು, ಹಿಂದಿನ ಪಟ್ಟಿ ಕಾಣೋ ಹಾಗೆ. ಕಾಣ್ತಾ?"

"ಕಾಣ್ತು."

"ಈಗ ಆ ಸಾಲಿನ ಮೇಲೆ ಮೌಸ್ ಒತ್ತಿ ಹಿಡ್ಕೊ. ಬಿಡಬೇಡ. ಹಾಗೇ ಎಳ್ಕೊಂಡು ಬಂದು ಹೊಸ ಮೇಲ್ ಒಳಗೆ ಬಿಡು. ಮಲಗಿರೋ ಮಗೂನ ಎತ್ತಿ ಇನ್ನೊಂದು ಹಾಸಿಗೆಗೆ ಹಾಕ್ತಾರಲ್ಲ, ಹಾಗೆ."

ರಟ್ಟನ್ನು ಕ್ಲಿಪ್ಪಿನಿಂದ ಪರದೆಗೆ ಸಿಕ್ಕಿಸಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಇರುಕಿಸಿಕೊಂಡು ಅವಳು ಒತ್ತಿದಳು. ಬಾಣದ ತುದಿಗೆ ಒಂದು ಪುಟ್ಟ ಲಕೋಟೆ ಅಂಟಿಕೊಂಡಿತು. ಅದು ಪರದೆಯ ಮೇಲೆ ನಿಧಾನವಾಗಿ ತೇಲುತ್ತಾ ಬಂತು. ಹೊಸ ಮೇಲಿನ ಅಂಗಳಕ್ಕೆ ಬಂದು ಬೆರಳು ಸಡಿಲಿಸಿದೊಡನೆ ವಿಷಯದ ಕೆಳಗೆ ಒಂದು ಹೊಸ ಸಾಲು ಮೂಡಿ, ಲಕೋಟೆ ಅಲ್ಲಿ ಕೂತಿತು. ಪಕ್ಕದಲ್ಲಿ ಅದೇ ಮಾತು: "ಬಸ್ಸಿನಲ್ಲಿ ಸಿಕ್ಕಿದ ಮಗುವಿಗೆ."

"ಕೂತ್ಕೊಂಡ್ತು," ಎಂದಳು. ಧ್ವನಿ ತಾನಾಗಿ ಪಿಸುಮಾತಾಗಿತ್ತು.

"ಅಷ್ಟೇ. ಅವರು ಕಳಿಸಿದ ದಿನ, ಗಂಟೆ, ಹೆಸರು, ತಪ್ಪು, ಒಪ್ಪು, ಎಲ್ಲಾ ಅದರ ಹೊಟ್ಟೇಲೇ ಇರುತ್ತೆ. ನೀನು ಬರೀ ಹೊರಗಿನ ಲಕೋಟೆ."

ಅವಳು ಪಟ್ಟಿಯತ್ತ ನೋಡಿದಳು. ಮೂಲ ಕಾಗದ ಅಲ್ಲೇ, ಇದ್ದ ಜಾಗದಲ್ಲೇ ಇತ್ತು. ಇಲ್ಲಿಗೂ ಬಂದಿತ್ತು, ಅಲ್ಲಿಯೂ ಇತ್ತು. ದಿನಕ್ಕೆ ನೂರು ಮೇಲ್ ನೋಡುವ ಹೆಂಗಸು ಅವಳು. ಈ ಪೆಟ್ಟಿಗೆಗೆ ಬೈದಿದ್ದಕ್ಕೆ, ಬೆನ್ನಿಗೆ ಗುದ್ದಿದ್ದಕ್ಕೆ ಲೆಕ್ಕವಿಲ್ಲ. ಈಗ ಮಾತ್ರ ಮೌಸನ್ನೂ ಸದ್ದಾಗದಂತೆ ಮೆಲ್ಲಗೆ ಬಿಟ್ಟಳು. ಬದುಕಿಲ್ಲದ ಒಬ್ಬ ಮನುಷ್ಯ ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಕೂತು ಆಡಿದ ಮಾತು, ಒಂದಿಷ್ಟೂ ಆರದೆ, ಮುಸುಕು ಸಹ ಸರಿಯದೆ, ತನ್ನ ಕಾಗದದ ಮಡಿಲಲ್ಲಿ ಮಲಗಿತ್ತು. ಅದರ ಮೇಲೆ ಏನು ಬರೆಯುವುದೆಂದು ತಿಳಿಯದೆ ಅವಳು ಎರಡೇ ಸಾಲು ಬರೆದಳು. "ನಿಮ್ಮನ್ನು ಕರೆತಂದ ಕಂಡಕ್ಟರ್ ನಿಮಗಾಗಿ ಬಿಟ್ಟುಹೋದ ಕಾಗದ ಇದರೊಳಗಿದೆ. ನಾವು ಯಾರೂ ಓದಿಲ್ಲ." ಕಳಿಸಿದಳು.

ಬುಧವಾರ ಉತ್ತರ ಬರಲಿಲ್ಲ. ಗುರುವಾರವೂ ಇಲ್ಲ. ಮೇಲ್ವಿಚಾರಕಿ ಎರಡು ಸಲ ಬಾಗಿಲಲ್ಲಿ ನಿಂತು ಹೋದಳು. ಗುಮಾಸ್ತೆ ಗಂಟೆಗೊಮ್ಮೆ ಮೇಲ್‌ಗಳ ಪಟ್ಟಿ ತೆರೆದು ನೋಡಿದಳು. ಕಾಗದದಲ್ಲಿ ಏನಿತ್ತೋ. ಯಾವ ಸ್ಥಿತಿಯಲ್ಲಿ ಸಿಕ್ಕಿದಳೆಂದು ಆ ಮನುಷ್ಯ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಿದ್ದರೆ? ಎಂಟು ತಿಂಗಳ ಬಸುರಿಯ ಕೈಗೆ ಮುಚ್ಚಿದ ಕೊಡ ಕೊಟ್ಟು, ಒಳಗಿರುವುದು ಹಾಲೋ ಹಾವೋ ನೋಡಲಿಲ್ಲವಲ್ಲ ಎಂದು ತನ್ನನ್ನು ತಾನೇ ಶಪಿಸಿಕೊಂಡಳು.

ಶುಕ್ರವಾರ ಹನ್ನೊಂದು ಗಂಟೆಗೆ ಕನ್ನಡಕದ ಅಂಗಡಿಯ ಹೆಂಗಸು ತಾನೇ ಬಂದಳು. ಸೊಂಟಕ್ಕೆ ಕೈಕೊಟ್ಟು, ಮೆಟ್ಟಿಲು ಹತ್ತಿದ ಆಯಾಸಕ್ಕೆ ಬಾಯಿ ತೆರೆದು ಉಸಿರಾಡುತ್ತಾ, ತೋರಿಸಿದ ಕುರ್ಚಿಯಲ್ಲಿ ಕೂತಳು. ಕೊಟ್ಟ ನೀರನ್ನು ಪೂರ್ತಿ ಕುಡಿದಳು. ಬೆರಳ ತುದಿಗಳು ಗಾಜು ಉಜ್ಜಿ ಉಜ್ಜಿ ನುಣುಪಾಗಿದ್ದವು.

"ನೀವು ಓದಿಲ್ಲ ಅಂತ ಬರೆದಿದ್ರಿ."

"ಇಲ್ಲಮ್ಮ."

"ಹಾಗಾದ್ರೆ ಕೇಳಿ, ನಾನು ಓದ್ತೀನಿ. ಮನೇಲಿ ಓದಿ ಓದಿ ಬಾಯಿಗೇ ಬಂದಿದೆ. ಆದರೂ ನೋಡ್ಕೊಂಡೇ ಓದ್ತೀನಿ, ತಪ್ಪಬಾರದು." ಅವಳು ಪ್ರಿಂಟ್ ಹಾಕಿಸಿ ನಾಲ್ಕು ಮಡಿಕೆ ಮಾಡಿದ್ದ ಹಾಳೆಯನ್ನು ಚೀಲದಿಂದ ತೆಗೆದಳು. ಅಷ್ಟರಲ್ಲಿ ಮೇಲ್ವಿಚಾರಕಿಯೂ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ಅಮ್ಮಾ, ನಾನು ಕಂಡಕ್ಟರ್. ನೀನು ಸಿಕ್ಕಿದ್ದು ಹಿಂದಿನ ಉದ್ದ ಸೀಟಿನ ಮೂಲೇಲಿ, ಬೆಳಗ್ಗೆ ಹತ್ತೂಕಾಲಿಗೆ. ಹಸಿರು ಶಾಲು ಸುತ್ತಿತ್ತು, ಚೆನ್ನಾಗಿ ಬೆಚ್ಚಗೆ ಸುತ್ತಿದ್ದರು. ಡ್ರೈವರ್ ಗಾಡಿ ನಿಲ್ಲಿಸಿದ. ಏನು ಮಾಡೋದು ಅಂತ ನಾವಿಬ್ಬರು ಮುಖ ಮುಖ ನೋಡ್ಕೊಂಡ್ವಿ. ಮುಂದೆ ಕೂತಿದ್ದ ಒಬ್ಬ ಹೆಂಗಸು, ಮಕ್ಕಳ ಮನೆ ಇದೆ, ಎರಡು ಮೈಲಿ, ತಿರುಗಿಸಿ ಅಂದಳು. ನಾನು ಎಲ್ಲರಿಗೂ ಕೇಳೋ ಹಾಗೆ ಹೇಳಿದೆ, ಬಸ್ಸು ದಾರಿ ಬಿಟ್ಟು ಹೋಗುತ್ತೆ, ಅವಸರ ಇರೋರು ಇಳ್ಕೊಳ್ಳಿ, ಹಿಂದಿನ ಬಸ್ಸಿಗೆ ಹತ್ತಿಸ್ತೀನಿ ಅಂತ. ಒಬ್ಬಳು ಪರೀಕ್ಷೆಗೆ ಹೊರಟಿದ್ದಳು. ಒಬ್ಬರು ಕೋರ್ಟಿಗೆ. ಯಾರೂ ಇಳೀಲಿಲ್ಲ. ನಲವತ್ತಾರು ಜನ. ಟಿಕೆಟ್ ಹರಿದವನು ನಾನು, ನನಗೆ ಗೊತ್ತು."

ಅವಳು ನಿಲ್ಲಿಸಿ ಉಸಿರು ತೆಗೆದುಕೊಂಡಳು.

"ನಿಂತೋರು ಜಾಸ್ತಿ ಇದ್ದರು, ನಿನ್ನ ಎತ್ಕೊಂಡು ಮುಂದಿನ ಬಾಗಿಲಿಗೆ ಬರೋಕೆ ಜಾಗ ಇರಲಿಲ್ಲ. ಅದಕ್ಕೆ ಕೈಯಿಂದ ಕೈಗೆ ದಾಟಿಸಿದರು. ಒಬ್ಬೊಬ್ಬರೂ ಒಂದು ಗಳಿಗೆ ಇಟ್ಕೊಂಡು, ಮುಖ ನೋಡಿ, ಆಮೇಲೇ ಮುಂದಿನವರಿಗೆ ಕೊಟ್ಟರು. ಇಪ್ಪತ್ತೆಂಟು ವರ್ಷ ಬಸ್ಸಲ್ಲಿದ್ದೆ. ಬಸ್ಸು ಅಷ್ಟು ಸದ್ದಿಲ್ಲದೆ ಇದ್ದಿದ್ದು ನಾನು ಇನ್ಯಾವತ್ತೂ ನೋಡಿಲ್ಲ. ಮಕ್ಕಳ ಮನೆ ಅಂಗಳದಲ್ಲಿ ಎಲ್ಲರೂ ಇಳಿದು ನಿಂತರು. ನರ್ಸ್ ಬಂದು, ಮಗು ಚೆನ್ನಾಗಿದೆ, ಹಾಲು ಕುಡೀತಿದೆ ಅಂದ ಮೇಲೇ ಹತ್ತಿದ್ದು. ಒಂದು ಗಂಟೆ ಹತ್ತು ನಿಮಿಷ ತಡ ಆಯ್ತು. ಯಾಕೆ ಅಂತ ಮೇಲಿನವರು ಕೇಳಿದಾಗ ದಾರಿ ತಪ್ತು ಅಂತ ಬರೆದುಕೊಟ್ಟೆ. ಕೆಲಸದಲ್ಲಿ ನಾನು ಬರೆದ ಸುಳ್ಳು ಅದೊಂದೇ. ನೀನು ಎಲ್ಲೇ ಇರು, ಚೆನ್ನಾಗಿರು. ಹತ್ತೂಕಾಲು ಗಂಟೆ ಆದಾಗೆಲ್ಲ ನನಗೆ ನೆನಪಾಗುತ್ತೆ."

ಮೇಲ್ವಿಚಾರಕಿ ಸೆರಗಿನ ತುದಿಯಿಂದ ಮೂಗು ಒತ್ತಿಕೊಂಡು, "ಊಟ ಮಾಡ್ಕೊಂಡೇ ಹೋಗಬೇಕು ನೀನು, ಹಾಗೇ ಕಳಿಸೋಲ್ಲ," ಎಂದು ಹೇಳಿ ಅಡುಗೆಮನೆಗೆ ಹೋದಳು.

ಗರ್ಭಿಣಿ ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದಳು. "ಅಂಗಳ ಇದೇನಾ?" ಎಂದು ಕಿಟಕಿಯಾಚೆ ನೋಡುತ್ತಾ ಕೇಳಿದಳು.

"ಇದೇ. ಬೇರೆ ಅಂಗಳ ಇಲ್ಲ."

ಇಬ್ಬರೂ ನಿಧಾನವಾಗಿ ಮೆಟ್ಟಿಲಿಳಿದು ಹೊರಗೆ ಬಂದರು. ಬಿಸಿಲು ನೆತ್ತಿಗೆ ಬಂದಿತ್ತು. ಮಕ್ಕಳೆಲ್ಲ ಒಳಗೆ ಪಾಠಕ್ಕೆ ಕೂತಿದ್ದರು, ಅಂಗಳ ಬರಿದಾಗಿತ್ತು. ಗೋಡೆಯಿಂದ ಗೇಟಿನವರೆಗೆ ನೆಲ ಗಟ್ಟಿಯಾಗಿ, ಬೆಳ್ಳಗೆ ಹೊಳೆಯುತ್ತಿತ್ತು.

"ನಲವತ್ತಾರು ಜನ ಹಿಡೀತಾರಾ ಇಲ್ಲಿ?"

ಗುಮಾಸ್ತೆ ಕಣ್ಣಲ್ಲೇ ಅಳೆದಳು. "ಸ್ವಲ್ಪ ಒತ್ತಿ ನಿಂತ್ರೆ ಹಿಡೀತಾರೆ. ಗೇಟಿನ ತನಕ ಬರ್ತಾರೆ."

ಬಂದವಳು ತಲೆಯಾಡಿಸಿದಳು. ಒಳಗಿನಿಂದ ಮೇಲ್ವಿಚಾರಕಿ ಊಟಕ್ಕೆ ಕರೆದಳು. ಅಡುಗೆಮನೆ ಅಂಗಳದ ಆಚೆ ತುದಿಯಲ್ಲಿತ್ತು, ನೇರ ಹೋದರೆ ಹದಿನೈದು ಹೆಜ್ಜೆ. ಬಸುರಿ ಹೆಂಗಸು ಗೋಡೆಗೆ ಕೈ ಆನಿಸಿಕೊಂಡು ಅಂಚಿನಲ್ಲೇ ನಡೆಯತೊಡಗಿದಳು. ಗುಮಾಸ್ತೆಯೂ ಅವಳ ಹಿಂದೆ, ಗೋಡೆಯ ಮಗ್ಗುಲಿಗೆ, ನಡುವಿನ ಜಾಗವನ್ನು ಆ ನಲವತ್ತಾರು ಜನಕ್ಕೆ ಬಿಟ್ಟುಕೊಡುತ್ತಾ ನಡೆದಳು.