ಚೂಟಿಯ ಬಾಯಿಪಾಠ

ಆ ಮಗ್ಗದ ಶೆಡ್ಡಿನ ಸದ್ದು ಎಂಥದ್ದು ಅಂತೀರಾ? ಮೇಲೆ ಹಾರ್ತಿದ್ದ ಕಾಗೆ ಒಂದ್ಸಲ ‘ಕಾ’ ಅಂತಂತೆ, ತನ್ನ ದನಿ ತನಗೇ ಕೇಳಿಸ್ಲಿಲ್ವಂತೆ, ‘ಅಯ್ಯೋ, ನಾನು ಸತ್ತೇ ಹೋದೆ’ ಅಂದ್ಕೊಂಡು ತಗಡಿನ ಮೇಲೆ ಬಿದ್ದು ಕಾಲು ಚಾಚಿತಂತೆ. ಮಳೆಗಾಲದ ಗುಡುಗೂ ಆ ಶೆಡ್ಡನ್ನ ಸುತ್ತು ಹಾಕ್ಕೊಂಡು ಹೋಗೋದು, ಇಲ್ಲಿ ನಮ್ಮ ಆಟ ನಡೆಯಲ್ಲ ಅಂತ. ನಲವತ್ತು ಮಗ್ಗ, ಹಗಲೂ ರಾತ್ರಿ ಖಟಾಖಟ್ ಖಟಾಖಟ್. ಒಳಗಿದ್ದೋರು ಎದೆ ಒಡ್ಕೊಂಡು ಕಿರುಚಿದ್ರೂ ಪಕ್ಕದೋನಿಗೆ ಒಂದಕ್ಷರ ಮುಟ್ಟಲ್ಲ. ಹಾಗಾಗಿ ಅಲ್ಲಿ ಯಾರೂ ಗಂಟಲು ಖರ್ಚು ಮಾಡ್ತಿರ್ಲಿಲ್ಲ. ಬರೀ ತುಟಿ. ಈ ಮೂಲೆಯೋನು ತುಟಿ ಆಡಿಸಿ ಒಂದು ಮಾತು ಬಿಟ್ರೆ ಆ ಮೂಲೆಯೋಳು ಬಿದ್ದು ಬಿದ್ದು ನಗೋಳು.

ಅಲ್ಲಿ ಎಂಟು ಮಗ್ಗ ನೋಡ್ಕೊಳ್ಳೋನು ಒಬ್ಬ ಇದ್ದ. ಅವುಗಳ ನಡುವೆ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಓಡ್ತಾನೇ ಇರೋನು. ಅದಕ್ಕೇ ಎಲ್ರೂ ಅವನನ್ನ ಲಾಳಿ ಅಂತ ಕರೆಯೋರು, ಮಗ್ಗದೊಳಗೆ ನೂಲು ಹೊತ್ಕೊಂಡು ಅತ್ತಿತ್ತ ಓಡೋ ಲಾಳಿ ಹೆಸರನ್ನೇ ಇಟ್ಟು. ಹದಿನೆಂಟು ವರ್ಷ ಓಡಿ ಓಡಿ ಅವನ ಎರಡೂ ಕಿವಿ ಕೈ ಕೊಟ್ಟಿದ್ವು. ಹೆಂಡ್ತಿ ಅಲ್ಲೇ ನೂಲು ಸುತ್ತೋಳು, ಅವಳ ಕಿವೀನೂ ಮುಕ್ಕಾಲು ಪಾಲು ಹೋಗಿತ್ತು. ಮನೆಗೆ ಬಂದ್ರೂ ತುಟೀಲೇ ಸಂಸಾರ, ತುಟೀಲೇ ಜಗಳ. ಇನ್ನೇನು ಸೋಲ್ತೀನಿ ಅನ್ನಿಸಿದ ಕೂಡ್ಲೇ ಅವಳು ಗಟ್ಟಿಯಾಗಿ ಕಣ್ಣು ಮುಚ್ಕೊಂಡ್ಬಿಡೋಳು. ಆಮೇಲೆ ಇವನು ಯಾರನ್ನ ಬೈಬೇಕು, ಗೋಡೇನಾ?

ಒಬ್ಳೇ ಮಗಳು, ಚೂಟಿ. ಮೂರು ತಿಂಗಳ ಕೂಸಾಗಿದ್ದಾಗ್ಲಿಂದ ಬಟ್ಟೆ ಗಂಟುಗಳ ಮಧ್ಯೆ ಮಲಗಿ ಬೆಳೆದೋಳು. ಮಗ್ಗ ನಿಂತ್ರೆ ಎದ್ದು ಅಳೋಳು, ಶುರುವಾದ್ರೆ ನಿದ್ದೆ ಹೋಗೋಳು. ಐದು ತುಂಬೋ ಹೊತ್ತಿಗೆ ಅವಳ ಪುಟ್ಟ ತುಟಿ ಎಷ್ಟು ಚುರುಕಾಗಿತ್ತು ಅಂದ್ರೆ, ಬಾಗಿಲಲ್ಲಿ ನಿಂತು ‘ಅಮ್ಮಾ, ಹಸಿವು’ ಅಂದ್ರೆ ಒಳಗಿನ ಮೂವತ್ತು ಜನ ಒಟ್ಟಿಗೆ ಡಬ್ಬಿ ಬಿಚ್ಚೋರು.

ಲಾಳಿಗೆ ಒಂದೇ ಚಿಂತೆ. ಇವಳ ಕಿವಿ ಹೋಗೋಕೆ ಮುಂಚೆ ಇವಳನ್ನ ಈ ಶೆಡ್ಡಿಂದ ಆಚೆ ಹಾಕ್ಬೇಕು. ಬೀದಿ ಕೊನೇಲಿ ಒಂದು ಸ್ಕೂಲಿತ್ತು. ಬೆಳಿಗ್ಗೆಯಿಂದ ಸಾಯಂಕಾಲದ ತನಕ ಮಗು ಅಲ್ಲಿದ್ರೆ ಸಾಕು, ಅಷ್ಟು ಹೊತ್ತು ಕಿವಿ ಬಚಾವ್. ಆದ್ರೆ ಸೀಟು ಕಮ್ಮಿ. ಮಗೂನ ಎದುರಿಗೆ ಕೂರಿಸ್ಕೊಂಡು ಪ್ರಶ್ನೆ ಕೇಳಿ, ಸರಿ ಅನ್ನಿಸಿದ್ರೆ ಮಾತ್ರ ತಗೊಳ್ಳೋರು. ಹೋದ ವರ್ಷ ಮಗನ್ನ ಸೇರ್ಸಿದ್ದ ಶೆಡ್ಡಿನ ಮೇಸ್ತ್ರಿ ಪಟ್ಟಿ ಕೊಟ್ಟ: ಹೆಸರು, ಅಪ್ಪನ ಕೆಲಸ, ಬಣ್ಣ, ಇಪ್ಪತ್ತರ ತನಕ ಎಣಿಕೆ, ಒಂದು ಹಾಡು.

“ಇಷ್ಟೇನಾ? ನನ್ ಮಗಳು ಹೆಡ್ ಮೇಡಮ್ಮಿಗೇ ಪಾಠ ಹೇಳಿ ಬರ್ತಾಳೆ,” ಅಂದ ಲಾಳಿ. ತಾನು ಓದಿದ್ದು ಮೂರನೇ ಕ್ಲಾಸು, ಅದೂ ಎರಡು ಸಲ.

ಹದಿನೈದು ದಿನ ಇಡೀ ಶೆಡ್ಡೇ ಸ್ಕೂಲಾಯ್ತು. ನೂಲಿನ ಉಂಡೆ ಎತ್ತಿ ಹಿಡಿದ್ರೆ ಚೂಟಿ ಬಣ್ಣ ಹೇಳೋಳು. ಬೇರೆ ಮಕ್ಕಳು ನೀಲಿ ಅಂದ್ರೆ ಇವಳು ತಿಳಿ ನೀಲಿ, ಕಡು ನೀಲಿ, ನವಿಲು ನೀಲಿ, ಒಗೆದು ಮಾಸಿದ ನೀಲಿ ಅಂತ ಬೇರೆ ಬೇರೆ ಮಾಡೋಳು. ಮಗ್ಗ ಎಣಿಸಿ ಎಣಿಸಿ ಇಪ್ಪತ್ತಲ್ಲ, ನಲವತ್ತಕ್ಕೆ ಹೋಗಿ ನಿಂತ್ಲು. ಎದುರು ಸಾಲಿನ ತಾತ ಓಡೋ ಮಗ್ಗ ಬಿಟ್ಟು ‘ಹದಿನಾರಾದ್ಮೇಲೆ?’ ಅಂತ ತುಟಿ ಆಡಿಸೋನು. ಅಮ್ಮ ಆನೆ ಹಾಡು ಕಲಿಸಿದ್ಲು. ತುಂಡು ಬಟ್ಟೇಲಿ ಹೊಸ ಫ್ರಾಕೂ ಹೊಲಿಸಿದ್ಲು.

ಅವತ್ತು ಲಾಳಿ ರಜೆ ಹಾಕಿ, ತಲೆಗೆ ಎಣ್ಣೆ ಮೆತ್ಕೊಂಡು, ಮಗಳ ಕೈ ಹಿಡ್ಕೊಂಡು ಹೋದ. ಹೆಡ್ ಮೇಡಂ ರೂಮಲ್ಲಿ ಒಂದು ಮೇಜು, ಗಾಜಿನ ಬೀರು, ಕಾಲು ಮುರಿದ ಗ್ಲೋಬು. ಮೇಡಮ್ಮಿಗೆ ಕನ್ನಡಕ. ಸಣ್ಣ ಕುರ್ಚೀಲಿ ಚೂಟಿ ಕೂತ್ಲು, ಹಿಂದಿನ ಬೆಂಚಲ್ಲಿ ಲಾಳಿ. ಅಲ್ಲಿಂದ ಗಾಜಿನ ಬೀರುವಿನಲ್ಲಿ ಮಗಳ ಮುಖ ಕನ್ನಡೀಲಿ ಕಂಡ ಹಾಗೆ ಕಾಣ್ತಿತ್ತು. ಒಳ್ಳೇದೇ ಆಯ್ತು ಅಂದ್ಕೊಂಡ.

ಮೇಡಂ ಹೆಸರು ಕೇಳಿದ್ರು. ಚೂಟಿ ಹೇಳಿದ್ಲು. ಅಪ್ಪ ಏನ್ ಮಾಡ್ತಾರೆ ಅಂದ್ರು. ‘ಎಂಟು ಮಗ್ಗ ನೋಡ್ಕೊಳ್ತಾರೆ’ ಅಂದ್ಲು. ಲಾಳಿ ಎದೆ ಒಂದು ಅಂಗುಲ ಉಬ್ಬಿತು. ಮೇಡಂ ತಮ್ಮ ಸೀರೆ ಸೆರಗು ತೋರ್ಸಿದ್ರು. ‘ನವಿಲು ನೀಲಿ, ಅಂಚು ಮಾತ್ರ ಕಡು ನೀಲಿ.’ ಇನ್ನೊಂದು ಅಂಗುಲ. ಎಣಿಸು ಅಂದ್ರು. ಒಂದು, ಎರಡು, ಮೂರು... ಇಪ್ಪತ್ತು ದಾಟಿ ಓಡ್ತಾನೇ ಇದ್ಲು, ಒಂದೂ ತಪ್ಪಿಲ್ಲ. ಲಾಳಿಗೆ ಆ ಬೆಂಚು ಸಾಲದಾಯ್ತು.

ಆದ್ರೆ ಮೇಡಂ ಮುಖ ಯಾಕೋ ಹುಳಿ ತಿಂದ ಹಾಗಾಗ್ತಿತ್ತು. ಬಗ್ಗಿ, ಚೂಟಿ ಬಾಯಿ ಹತ್ರ ಕಿವಿ ತಂದ್ರು. ಆಮೇಲೆ ತಲೆ ಎತ್ತಿ ಲಾಳಿ ಕಡೆ ನೋಡಿ ತುಟಿ ಆಡಿಸಿದ್ರು. ಲಾಳಿ ಓದ್ಕೊಂಡ: “ಮಗು ಮಾತೇ ಆಡ್ತಿಲ್ವಲ್ಲಪ್ಪ.”

ಲಾಳಿ ನಕ್ಕ. ದೊಡ್ಡೋರು ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡ. “ಏನ್ ಮೇಡಮ್ಮೋರೆ! ನಲವತ್ತರ ತಂಕ ಹೇಳಿದ್ಲಲ್ಲ!” ಅಂತ ಗಂಟಲು ಹರಿಯೋ ಹಾಗೆ ಕೂಗಿದ. ಹೊರಗಿನೋರ ಹತ್ರ ಅವನು ಹಾಗೇ ಮಾತಾಡೋನು, ಎಷ್ಟು ಜೋರು ಅನ್ನೋದು ಅವನಿಗೆ ತಿಳೀತಿರ್ಲಿಲ್ಲ. ಮೇಡಂ ಕುರ್ಚಿ ಸಮೇತ ಹಿಂದಕ್ಕೆ ಜಾರಿದ್ರು.

“ಬಾಯಿ ಆಡ್ಸಿದ್ಲು. ಸದ್ದೇ ಬರ್ಲಿಲ್ಲ.”

ಆಗ ಲಾಳಿಗೆ ಅರ್ಥವಾಯ್ತು. ಹೊರಗಿನೋರ ಜೊತೆ ಗಂಟಲು ಬಳಸ್ಬೇಕು ಅನ್ನೋದು ಅವನಿಗೆ ಗೊತ್ತಿತ್ತು. ಅದೂ ಮಗೂಗೆ ಹೇಳ್ಕೊಡ್ಬೇಕಾದ ಪಾಠ ಅನ್ನೋದು ಹದಿನೈದು ದಿನದಲ್ಲಿ ಒಂದ್ಸಲಾನೂ ಹೊಳೆದಿರ್ಲಿಲ್ಲ. ಅವನಿಗಾಗ್ಲಿ, ಹೆಂಡ್ತಿಗಾಗ್ಲಿ, ಆ ಇಡೀ ಶೆಡ್ಡಿಗಾಗ್ಲಿ.

ಎದ್ದು ಬಂದು ಮಗಳ ಮುಂದೆ ಮಂಡಿಯೂರಿದ. “ಚೂಟಿ, ಜೋರಾಗಿ ಹೇಳವ್ವಾ.”

ಶೆಡ್ಡಲ್ಲಿ ಜೋರಾಗಿ ಅಂದ್ರೆ ಬಾಯಿ ಅಗಲ ಮಾಡೋದು. ಚೂಟಿ ಕುರ್ಚಿ ಮೇಲೆ ಎದ್ದು ನಿಂತು, ಹಲ್ಲು ಕಿರುನಾಲಗೆ ಎಲ್ಲ ಕಾಣೋ ಹಾಗೆ ಬಾಯಿ ಬಿಟ್ಟು, ಆನೆ ಹಾಡು ಪೂರ್ತಿ ಹಾಡಿದ್ಲು. ಸೊಂಡಿಲು ಆಡಿಸಿ ತೋರ್ಸಿದ್ಲು. ಲಾಳಿ ಮೇಡಂ ಮುಖ ನೋಡಿದ. ಕೇಳಿಸ್ತಾ ಅಂತ ಕೇಳ್ಬೇಕಾಗೇ ಇರ್ಲಿಲ್ಲ.

ಮೇಡಂ ಕೆಟ್ಟೋರಲ್ಲ. ಅಪ್ಪ ಮಗಳಿಬ್ರ ಬೆನ್ನ ಹಿಂದೆ ಹೋಗಿ ಸ್ಟೀಲು ಸ್ಕೇಲನ್ನ ನೆಲಕ್ಕೆ ಬೀಳಿಸಿದ್ರು. ಚೂಟಿ ಗಕ್ಕನೆ ತಿರುಗಿದ್ಲು. ಲಾಳಿ ತಿರುಗ್ಲಿಲ್ಲ.

“ಮಗು ಕಿವಿ ಚೆನ್ನಾಗಿದೆ,” ಅಂದ್ರು ಮೇಡಂ, ಎದುರಿಗೆ ಬಂದು, ಅವನು ಓದೋ ಹಾಗೆ ನಿಧಾನವಾಗಿ. “ಹೋಗಿರೋದು ನಿಮ್ದು. ನಿಮ್ಮನ್ನ ನೋಡಿ ಕಲ್ತಿದ್ದಾಳೆ.”

“ನಾನು ಹೇಳ್ಕೊಡ್ತೀನಿ. ಎಂಟು ದಿನ ಕೊಡಿ.”

“ಅವಳ ಬಾಯಿಂದ ಸದ್ದು ಬರ್ತಿದೆಯೋ ಇಲ್ವೋ ನಿಮಗೆ ಹೇಗಪ್ಪಾ ಗೊತ್ತಾಗತ್ತೆ?”

ಲಾಳಿ ಕುರ್ಚಿ ಮೇಲೆ ನಿಂತಿದ್ದ ಮಗಳನ್ನ ಎತ್ತಿ ಕೆಳಗಿಳಿಸಿದ.

“ಒಂದು ವರ್ಷ ಮಾತಾಡೋ ಮನೇಲಿ ಬಿಡಿ. ನಿಮ್ಮ ಜೊತೆ ಬೇಡ. ಮುಂದಿನ ವರ್ಷ ಕರ್ಕೊಂಡು ಬನ್ನಿ.”

ಊರಿನ ಆ ತುದೀಲಿ ಲಾಳಿಯ ಅಕ್ಕ ಇದ್ಲು, ಮನೆ ಮುಂದೆ ಹೊಲಿಗೆ ಮೆಷಿನ್ ಇಟ್ಕೊಂಡೋಳು. ಅವಳು ಬಾಯಿ ತೆಗೆದ್ರೆ ಗೋಡೆ ಗಡಿಯಾರ ಟಿಕ್ ಅಂದು ಟಕ್ ಅನ್ನೋದನ್ನ ಮರ್ತು ಕೂತ್ಕೊಳ್ಳೋದು. “ತಂದು ಬಿಡೋ. ನನ್ ಜೊತೆ ಇದ್ರೆ ನಿನ್ ಮಗಳಷ್ಟೇ ಅಲ್ಲ, ನನ್ ಮೆಷಿನ್ನೂ ಮಾತು ಕಲಿಯತ್ತೆ,” ಅಂದ್ಲು.

ಹೆಂಡ್ತಿ ಎರಡು ದಿನ ಊಟ ಬಿಟ್ಲು. “ಕಿವಿ ಉಳಿಸೋಕೆ ಮಗೂನೇ ಕೊಟ್ಟು ಬರ್ತೀಯಾ?” ಅಂದ್ಲು.

“ಕೊಡೋದಲ್ಲ ಕಣೇ, ಸ್ಕೂಲಿಗೆ ರೆಡಿ ಮಾಡೋದು.”

ವಾರಕ್ಕೊಂದು ರಜೆ, ಇಬ್ರೂ ಹೋಗೋರು. ಮೊದಮೊದಲು ಚೂಟಿ ಬಾಗಿಲಲ್ಲೇ ನಿಂತು ತುಟೀಲಿ ವಾರದ ಕತೆಯೆಲ್ಲ ಸುರಿಯೋಳು. ಅತ್ತೆ ಹಿಂದಿನಿಂದ ಬಂದು ತಲೆಗೆ ಮೊಟಕೋಳು: “ಗಂಟಲು ಎಲ್ಲಿಟ್ಟೆ? ಪೆಟ್ಟಿಗೇಲಾ?” ಮೂರು ತಿಂಗಳಿಗೆ ಅಕ್ಕ ಕುಣ್ಕೊಂಡು ಬಂದು ತಮ್ಮನ ಮುಖಕ್ಕೆ ಮುಖ ಇಟ್ಟು ಹೇಳಿದ್ಲು: “ಬಂತು ಕಣೋ! ಎಂಥ ದನಿ ಅಂತೀಯ!”

“ಹೇಗಿದೆ?” ಅಂದ ಲಾಳಿ.

ಅಕ್ಕ ಯೋಚಿಸಿದ್ಲು. ಹುಟ್ಟಿದ್ಮೇಲೆ ಅವಳು ಯೋಚಿಸಿದ್ದು ಅದೊಂದೇ ಸಲ. “ಅದು... ಹೇಗೆ ಹೇಳ್ಲಿ. ಚೆನ್ನಾಗಿದೆ.”

ಗಂಟಲಿರೋರಿಗೆ ತುಟಿ ಅಷ್ಟು ಬೇಕಾಗಲ್ಲ. ವಾರ ವಾರಕ್ಕೂ ಚೂಟಿ ಬಾಯಿ ಸಣ್ಣದಾಗ್ತಾ ಬಂತು. ಅರ್ಧ ಮಾತು ಹಲ್ಲಿನ ಹಿಂದೇನೇ ಮುಗಿದುಹೋಗೋದು. ಬೇರೆ ಕಡೆ ನೋಡ್ಕೊಂಡು, ಬೆನ್ನು ತಿರುಗಿಸ್ಕೊಂಡು ಮಾತಾಡೋಳು. ಒಂದು ಸಲ ಗೋಡೆ ಕಡೆ ಮುಖ ಮಾಡಿ ಏನೋ ಕೇಳಿ, ಉತ್ತರ ಬರದೆ, ಸಿಟ್ಟಾಗಿ ಒಳಗೆ ಹೋದ್ಲು. ತಾಯಿ ಲಾಳಿ ಮುಖ ನೋಡಿದ್ಲು. “ಏನಂತೆ?” ಲಾಳಿಗೆ ಒಂದಕ್ಷರ ಸಿಕ್ಕಿರ್ಲಿಲ್ಲ. “ನೀನು ಇಳಿದು ಹೋಗಿದ್ದೀಯಂತೆ, ಚೆನ್ನಾಗಿ ತಿನ್ನು ಅಂದ್ಲು,” ಅಂದ. ತಾಯಿ ವಾರವೆಲ್ಲ ಅದನ್ನ ಶೆಡ್ಡಲ್ಲಿ ಹೇಳ್ಕೊಂಡು ತಿರುಗಿದ್ಲು.

ಮುಂದಿನ ವರ್ಷ ಅದೇ ರೂಮು, ಅದೇ ಬೆಂಚು. ಚೂಟಿ ಬಾಯಿ ಆಡ್ಸಿದ್ಲು, ಮೇಡಂ ನಕ್ರು, ಪಕ್ಕದ ರೂಮಿಂದ ಇಬ್ರು ಟೀಚರಮ್ಮಗಳು ಬಂದು ಬಾಗಿಲಲ್ಲಿ ನಿಂತು ಅವರೂ ನಕ್ರು. ಗಾಜಿನ ಬೀರುವಿನಲ್ಲಿ ಲಾಳಿ ಕಣ್ಣಗಲಿಸ್ಕೊಂಡು ನೋಡಿದ. ಏನು ಹೇಳ್ತಿದ್ದಾಳೆ ಅಂತ ತಿಳೀಲೇ ಇಲ್ಲ. ಅವರು ನಕ್ಕಾಗ ತಾನೂ ನಕ್ಕ. ಮೇಡಂ ಫಾರಮ್ಮಿಗೆ ಸೀಲು ಒತ್ತಿದ್ರು. ಸೀಟು ಸಿಕ್ತು.

ಗೇಟು ದಾಟಿದ್ದೇ ತಡ, ಚೂಟಿ ಶುರು ಹಚ್ಕೊಂಡ್ಲು. ಮುಂದೆ ಮುಂದೆ ಕುಣ್ಕೊಂಡು ಹೋಗ್ತಾ, ಜಡೆ ಹಾರಿಸ್ತಾ, ಕೈ ಬೀಸ್ತಾ, ರೂಮೊಳಗೆ ನಡೆದಿದ್ದನ್ನೆಲ್ಲ ದಾರಿಗೆ ಹೇಳ್ತಾ ಹೊರಟ್ಲು. ಎದುರು ಬಂದ ತರಕಾರಿಯವಳು ಕೇಳಿಸ್ಕೊಂಡು ನಕ್ಕು ಹೋದ್ಲು. ಲಾಳಿ ಓಡಿ ಮಗಳ ಮುಂದಕ್ಕೆ ಬಂದ. ಅವಳ ಬಾಯಿ ಕಾಣ್ಲಿ ಅಂತ ಹಿಂದಕ್ಕೆ ಹಿಂದಕ್ಕೆ ನಡೀತಾ ಹೋದ. ಒಂದು ಸೈಕಲ್ಲಿಗೆ ತಾಕಿದ, ಒಂದು ಕಂಬಕ್ಕೆ ಬಡಿದ, ಕಣ್ಣು ಮಾತ್ರ ಅವಳ ತುಟಿ ಬಿಡ್ಲಿಲ್ಲ.

“ಏನಂದೆ? ಇನ್ನೊಂದ್ಸಲ.”

ಚೂಟಿ ಹೇಳಿದ್ಲು.

“ಮೇಡಂ ಏನು ಕೇಳಿದ್ರು? ಯಾಕೆ ನಕ್ರು?”

ಚೂಟಿ ಮತ್ತೆ ಹೇಳಿದ್ಲು, ಈ ಸಲ ಅರ್ಧಕ್ಕೇ ಸಾಕಾಗಿ ಬಿಟ್ಲು.

“ಚೂಟಿ, ಇನ್ನೊಂದೇ ಸಲ ಕಣವ್ವಾ.”

ಚೂಟಿ ನಿಂತ್ಲು. ಅಪ್ಪನ ಮುಖ ನೋಡಿದ್ಲು. ಆಮೇಲೆ, ಶೆಡ್ಡಲ್ಲಿ ಮಾಡ್ತಿದ್ದ ಹಾಗೇ ಬಾಯಿ ಅಗಲ ಮಾಡಿ, ಒಂದೊಂದು ಅಕ್ಷರಾನೂ ಬಿಡಿಸಿ ಬಿಡಿಸಿ ಹೇಳಿದ್ಲು. ಲಾಳಿಗೆ ಪೂರ್ತಿ ತಿಳೀತು.

‘ಏನಿಲ್ಲ, ಬಿಡಪ್ಪಾ.’