ಇಪ್ಪತ್ತು ಕೆಜಿ ಎಂದು ಬರೆಸಿಕೊಂಡ ಮಗು

ಹರ್ನಿಯಾ ಆಪರೇಷನ್ನಿಗೆ ಬಂದ ನಾಲ್ಕೂವರೆ ವರ್ಷದ ಹುಡುಗಿ ತೂಕದ ಯಂತ್ರ ಹತ್ತಲು ಸುತಾರಾಂ ಒಪ್ಪಲಿಲ್ಲ. ಅಮ್ಮನ ಕುತ್ತಿಗೆಗೆ ಜೋತುಬಿದ್ದು ವಾರ್ಡು ಕಿತ್ತುಹೋಗುವಂತೆ ಕಿರುಚಿದಳು. ಇಬ್ಬರನ್ನೂ ಒಟ್ಟಿಗೇ ನಿಲ್ಲಿಸಿದೆ. ಎಪ್ಪತ್ತೆರಡು ಕೆಜಿ.

"ನಿಮ್ಮದೆಷ್ಟಮ್ಮ?"

ಅವಳು ಪಕ್ಕದಲ್ಲಿದ್ದ ಅತ್ತೆಯನ್ನೊಮ್ಮೆ ನೋಡಿ, "ಐವತ್ತೆರಡು, ಸಿಸ್ಟರ್" ಎಂದಳು.

ಅವಳನ್ನೊಬ್ಬಳನ್ನೇ ನಿಲ್ಲಿಸಿ ನೋಡಬೇಕಿತ್ತು. ಮಗುವನ್ನು ಬಿಡಿಸಿದರೆ ಮತ್ತೆ ರಂಪ ಅಂತ ಮೈಗಳ್ಳತನ ಮಾಡಿದೆ. ಹದಿನೇಳು ವರ್ಷ ಅನುಭವದ ನರ್ಸು, ನನ್ನನ್ನು ಕೇಳುವವರು ಯಾರು? ಇಪ್ಪತ್ತು ಕೆಜಿ ಎಂದು ಬರೆದೆ. ಮಕ್ಕಳಿಗೆ ಅರಿವಳಿಕೆ ಔಷಧಿಯ ಒಂದೊಂದು ಹನಿಯೂ ತೂಕದ ಲೆಕ್ಕದಲ್ಲೇ ಹೋಗುವುದು.

ಮಂಪರಿನ ಸಿರಪ್ ಕುಡಿಸಿದ ಮೇಲೆ ಮಗುವನ್ನು ಥಿಯೇಟರಿನ ಬಾಗಿಲಲ್ಲಿ ನಾನೇ ಎತ್ತಿಕೊಂಡೆ. ನಿದ್ದೆಗೆ ಜಾರಿದ ಮಕ್ಕಳು ಕೈಗೆ ಭಾರ. ಇವಳು ಹಗುರವಾಗಿದ್ದಳು. ಇಪ್ಪತ್ತು ಕೆಜಿ ಇರಲು ಸಾಧ್ಯವೇ ಇಲ್ಲ.

ಮೇಜಿನ ಮೇಲೆ ಮಲಗಿಸಿದ್ದೇ ತಡ, ಅರಿವಳಿಕೆ ಡಾಕ್ಟರಮ್ಮ ಅವಳ ಕೈಗೆ ಸೂಜಿ ಹಾಕಿ ಸಿರಿಂಜ್ ಜೋಡಿಸಿದರು. ಸರ್ಜನ್ ಗಡಿಯಾರ ನೋಡುತ್ತಿದ್ದರು. ಬಾಯಿ ಬಿಟ್ಟರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು. ಡಾಕ್ಟರಮ್ಮನ ಹೆಬ್ಬೆರಳು ಸಿರಿಂಜಿನ ಮೇಲೆ ಹೋಯಿತು.

"ಮೇಡಂ, ಹಾಕ್ಬೇಡಿ. ತೂಕ ತಪ್ಪಿರ್ಬೇಕು. ಬರೆದವಳು ನಾನೇ."

"ತಪ್ಪಿರ್ಬೇಕು ಅಂದ್ರೆ ಏನು ಅರ್ಥ?" ಸರ್ಜನ್ ಗುರ್ ಎಂದರು.

ಡಾಕ್ಟರಮ್ಮ ಸಿರಿಂಜ್ ಬಿಚ್ಚಿದರು. ತೂಕದ ಯಂತ್ರ ತರಿಸಿದರು. ಅವರು ಆಕ್ಸಿಜನ್ ಮಾಸ್ಕ್ ಹಿಡಿದು ಪಕ್ಕದಲ್ಲೇ ನಿಂತಿರಲು, ಮಗುವನ್ನೆತ್ತಿಕೊಂಡು ಒಮ್ಮೆ, ಬರಿಗೈಯಲ್ಲಿ ಒಮ್ಮೆ ಯಂತ್ರ ಹತ್ತಿದೆ. ನನ್ನ ಗಾತ್ರ ಇಡೀ ಥಿಯೇಟರಿಗೆ ಗೊತ್ತಾಯಿತು, ಆಗಲಿ. ಮಗು ಬರೀ ಹದಿನಾಲ್ಕು ಕೆಜಿ.

ತುಂಬಿಟ್ಟಿದ್ದ ಸಿರಿಂಜ್‌ಗಳೆಲ್ಲ ಬುಟ್ಟಿ ಸೇರಿದವು. "ಸಿರಪ್ ಆಗಲೇ ಜಾಸ್ತಿ ಹೋಗಿದೆ," ಎಂದರು ಡಾಕ್ಟರಮ್ಮ. "ಉಸಿರಿನ ಮೇಲಿಂದ ಕಣ್ಣು ತೆಗೀಬೇಡಿ."

ತೆಗೆಯಲಿಲ್ಲ. ಆಪರೇಷನ್ ಮುಗಿದು ಒಂದೂವರೆ ಗಂಟೆಯಾದರೂ ಮಗು ಏಳಲಿಲ್ಲ. ನಾನು ಒಂದೊಂದೇ ಉಸಿರು ಎಣಿಸುತ್ತಾ ಕೂತೆ. ಕೊನೆಗೆ "ಅಮ್ಮ" ಎಂದು ಕಿರುಚಿದಾಗ ನನಗೆ ಅಳು ಬಂದುಬಿಟ್ಟಿತು.

ಹೊರಗೆ ಹೋಗಿ ಮಗುವಿನ ಅಮ್ಮನಿಗೆ ನಡೆದದ್ದೆಲ್ಲ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು.

"ನಾನು ಐವತ್ತೆಂಟು, ಸಿಸ್ಟರ್," ಎಂದಳು ಪಿಸುಮಾತಿನಲ್ಲಿ. "ಅತ್ತೆ ದಿನಾ ದಪ್ಪ ದಪ್ಪ ಅಂತಾರೆ."

"ತೂಗ್ಬೇಕಾಗಿದ್ದವಳು ನಾನು. ತಪ್ಪು ನನ್ನದೇ."

"ಆ ಔಷಧಿ ಹೋಗಿದ್ರೆ?"

"ಬಿ.ಪಿ. ಬಿದ್ದುಹೋಗ್ತಿತ್ತು. ಹೃದಯ ನಿಂತ್ರೂ ನಿಲ್ತಿತ್ತು."

ಅವಳು ಗೋಡೆ ಹಿಡಿದು ಕುಸಿದಳು. ಅತ್ತೆ ಗಾಬರಿಯಿಂದ ಎದ್ದು ಬಂದರು. "ಏನಾಯ್ತೇ? ಮಗು ಚೆನ್ನಾಗಿದೆ ತಾನೇ?"

"ಅತ್ತೆ, ನನ್ನ ತೂಕ ಐವತ್ತೆಂಟು," ಎಂದಳು ಅವಳು, ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.